ಒಂಬತ್ತು ವರ್ಷ ನಿಂತ ಡೀಸೆಲ್ ಕಾರು, ಮೂರು ವಾರ ಆಡಿಸಿದ ಗಾಳಿ

ಚಿಕ್ಕಪ್ಪನ ಕಾರು ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ನಿಂತಿತ್ತು. ಟರ್ಬೊ ಇಲ್ಲದ, ಕಂಪ್ಯೂಟರ್ ಇಲ್ಲದ, ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸಲು ರೋಟರಿ ಪಂಪಿರುವ ಹಳೇ ನಾಲ್ಕು ಸಿಲಿಂಡರ್ ಡೀಸೆಲ್. ಕೊನೆಯ ಸಲ ನಿಲ್ಲಿಸಿದಾಗ ಅರ್ಧ ಟ್ಯಾಂಕ್ ಡೀಸೆಲ್ ಇತ್ತಂತೆ, ಅದೂ ಹಾಗೇ ಇತ್ತು. "ಹೊಸ ಬ್ಯಾಟರಿ ಹಾಕಿ ಒಂದು ಸಲ ಸೆಲ್ಫ್ ಹೊಡೆದು ನೋಡೋ, ಸ್ಟಾರ್ಟ್ ಆದರೂ ಆಗಬಹುದು" ಎಂದರು ಚಿಕ್ಕಪ್ಪ. ನನಗೂ ಕೈ ತುರಿಸುತ್ತಿತ್ತು. ಆದರೂ ಹೊಡೆಯಲಿಲ್ಲ. ಈ ಇಡೀ ಕೆಲಸದಲ್ಲಿ ನಾನು ತಾಳ್ಮೆಯಿಂದ ನಡೆದುಕೊಂಡದ್ದು ಬಹುಶಃ ಆ ಒಂದು ದಿನ ಮಾತ್ರ.

ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿರಬಹುದು. ಸೆಲ್ಫ್ ಮೋಟಾರಿನ ಬಲಕ್ಕೆ ಅದು ಕಿತ್ತುಕೊಂಡು ಬಂದರೆ ರಿಂಗೂ ಹೋಯಿತು, ಗೋಡೆಗೂ ಗೀರು. ತಣ್ಣಗಿನ ಸಿಲಿಂಡರನ್ನು ಒಳಗಿನಿಂದ ಬಿಸಿ ಮಾಡುವ ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಆ ತೂತುಗಳಿಂದ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ಒತ್ತಿದೆ. ಮೊದಲು ಅಲುಗಲಿಲ್ಲ. ಸ್ವಲ್ಪ ಹೊತ್ತು ಮೈಭಾರ ಹಾಕಿ ಹಿಡಿದುಕೊಂಡಾಗ ಒಳಗಿನಿಂದ ಹಳೇ ಬಾಗಿಲು ತೆರೆದಂತೆ ಕಿರ್ರ್ ಎಂದು ಕಾಲು ಸುತ್ತು ತಿರುಗಿತು. ಎರಡು ಪೂರ್ತಿ ಸುತ್ತು ಎಲ್ಲೂ ತಡೆಯದೆ ತಿರುಗಿದ ಮೇಲೆ, ಪಿಸ್ಟನ್ನಿಗೂ ವಾಲ್ವಿಗೂ ತಾಳ ತಪ್ಪದಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಬದಲಿಸಿದೆ. ಹಳೇ ಬೆಲ್ಟ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಮಡಚಿದರೆ ಹಲ್ಲಿನ ಬುಡದಲ್ಲಿ ಬಿರುಕು. ಡೀಸೆಲ್‌ನಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ವಾಲ್ವಿಗೂ ಅದಕ್ಕೂ ನಡುವೆ ಜಾಗವೇ ಇರುವುದಿಲ್ಲ. ಓಡುವಾಗ ಬೆಲ್ಟ್ ಹರಿದರೆ ಎರಡೂ ಗುದ್ದಿಕೊಳ್ಳುತ್ತವೆ, ಹೆಡ್ ಬಿಚ್ಚುವ ಕೆಲಸ ಬೀಳುತ್ತದೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಕೂಲೆಂಟ್ ಇವನ್ನೂ ಆಗಲೇ ಬದಲಿಸಿದೆ.

ಟ್ಯಾಂಕ್ ಇಳಿಸಿದಾಗ ಬಂದ ವಾಸನೆ ಡೀಸೆಲ್ಲಿನದ್ದಾಗಿರಲಿಲ್ಲ, ಹಳೇ ವಾರ್ನಿಷ್ ಡಬ್ಬಿಯದ್ದು. ತಳದಲ್ಲಿ ನೀರು, ನೀರಿನ ಮೇಲೆ ಕಪ್ಪು ಲೋಳೆ. ಟ್ಯಾಂಕಿನ ಖಾಲಿ ಜಾಗದಲ್ಲಿ ಗಾಳಿಯ ತೇವ ಹನಿಗಟ್ಟಿ ಕೆಳಗೆ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಆ ಲೋಳೆ ಅವುಗಳದ್ದೇ. ಹೀರುವ ಪೈಪಿನ ತುದಿಯ ಜಾಲರಿ ಪೂರ್ತಿ ಮುಚ್ಚಿಹೋಗಿತ್ತು. ಅಂದು ಸೆಲ್ಫ್ ಹೊಡೆದಿದ್ದರೆ ಇದೆಲ್ಲ ಪಂಪಿನ ಕಡೆಗೆ ಹೊರಡುತ್ತಿತ್ತು. ರೋಟರಿ ಪಂಪಿಗೆ ಬೇರೆ ಆಯಿಲ್ ಇಲ್ಲ, ಒಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಎಣ್ಣೆ. ನೀರು ಕುಡಿದ ಪಂಪು ಒಳಗೇ ಕಚ್ಚಿಕೊಳ್ಳುತ್ತದೆ. ಟ್ಯಾಂಕನ್ನು ಸ್ವಚ್ಛ ಡೀಸೆಲ್ಲಿನಿಂದಲೇ ಮೂರು ಸಲ ಕುಲುಕಿ ತೊಳೆದು, ಜಾಲರಿ ಬಿಡಿಸಿ, ಹೊಸ ಫಿಲ್ಟರ್ ಹಾಕಿದೆ.

ಇನ್ನು ಕರೆಂಟಿನ ಕೆಲಸ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಒತ್ತಿ, ಆ ಬಿಸಿಯಲ್ಲಿ ಡೀಸೆಲ್ ತಾನಾಗಿ ಹೊತ್ತಿಕೊಳ್ಳಬೇಕು. ಎಂಜಿನ್ ನಿಧಾನವಾಗಿ ತಿರುಗಿದರೆ ಒತ್ತಿದ ಬಿಸಿಯೆಲ್ಲ ತಣ್ಣಗಿನ ಲೋಹವೇ ಕುಡಿದುಬಿಡುತ್ತದೆ. ಅದಕ್ಕೇ ಈ ಗಾಡಿಗಳಲ್ಲಿ ಸೆಲ್ಫ್ ಚುರುಕಾಗಿ ಸುತ್ತಬೇಕು, ಹೀಟರ್ ಪ್ಲಗ್ ಕೆಂಪಗಾಗಬೇಕು. ನನ್ನ ನಾಲ್ಕು ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ತೆಗೆದು ಒಂದೊಂದನ್ನೇ ಮೀಟರಿನಿಂದ ಅಳೆದೆ. ಎರಡು ಒಂದು ಓಮ್‌ಗಿಂತ ಕಡಿಮೆ ತೋರಿಸಿದವು, ಅವು ಸರಿ. ಇನ್ನೆರಡು ಏನೂ ತೋರಿಸಲಿಲ್ಲ, ಸುಟ್ಟಿದ್ದವು. ನಾಲ್ಕನ್ನೂ ಹೊಸದು ಹಾಕಿದೆ.

ಹೊಸ ಬ್ಯಾಟರಿ ಇಟ್ಟರೂ ಸೆಲ್ಫ್ ಸೋಮಾರಿಯಾಗಿ ಸುತ್ತುತ್ತಿತ್ತು. ಸುತ್ತುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಮೈಗೆ ಇಟ್ಟು ನೋಡಿದರೆ ಎರಡು ವೋಲ್ಟ್. ಅಲ್ಲಿ ಅರ್ಧ ವೋಲ್ಟ್ ಕಂಡರೂ ಹೆಚ್ಚು. ಎಂಜಿನ್ನಿಗೂ ಬಾಡಿಗೂ ಇರುವ ಅರ್ತ್ ಪಟ್ಟಿಯ ಬುಡ ಹಸಿರುಗಟ್ಟಿತ್ತು. ಉಜ್ಜಿ ಬಿಗಿದ ಮೇಲೆ ಅದೇ ಸೆಲ್ಫ್ ಗಿರಗಿರನೆ ತಿರುಗಿತು. ಸೆಲ್ಫ್ ಮೋಟಾರ್ ಕೆಟ್ಟಿದೆ ಎಂದು ಅದನ್ನು ಬಿಚ್ಚಲು ಕೂತಿದ್ದೆ ನಾನು!

ಇಷ್ಟೆಲ್ಲ ಆದ ಮೇಲೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ಪೈಪಿನೊಳಗೆ ಸಿಕ್ಕಿದ್ದ ಏರ್ ತೆಗೆದೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲಿನ ಪೈಪುಗಳ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದೆ, ಡೀಸೆಲ್ ಚಿಮ್ಮಿತು, ಬಿಗಿದೆ. ಎರಡು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಮೂರು ಸೆಕೆಂಡ್ ಓಡಿ ಸತ್ತಿತು. ಮತ್ತೆ ಏರ್ ತೆಗೆದೆ. ಮತ್ತೆ ಮೂರು ಸೆಕೆಂಡ್. ಮಧ್ಯೆ ಒಂದು ಮಾತು: ಈ ನಟ್ಟು ಸಡಿಲಿಸುವಾಗ ಕನ್ನಡಕ ಬೇಕೇ ಬೇಕು, ಸೋರಿಕೆ ಹುಡುಕಲು ರಟ್ಟು ಹಿಡಿಯಬೇಕು, ಬೆರಳನ್ನಂತೂ ಹಿಡಿಯಲೇಬಾರದು. ಇಂಥ ಹಳೇ ನಾಜಲ್ಲುಗಳು ತೆರೆಯುವ ಒತ್ತಡವೇ ನೂರು ಬಾರ್ ದಾಟಿರುತ್ತದೆ. ಅಷ್ಟು ಒತ್ತಡದ ಸಣ್ಣ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ. ನೋಡಲು ಸೂಜಿಮೊನೆಯಷ್ಟು ಗಾಯ, ಆದರೆ ಓಡಬೇಕಾದದ್ದು ಆಪರೇಷನ್ ಕೋಣೆಗೆ.

ಮೂರು ವಾರ ಹೀಗೇ ನಡೆಯಿತು. ಕೀ ತಿರುಗಿಸಿದಾಗ ಡೀಸೆಲ್ ಬಿಡುವ, ಕಟ್ಟುವ ಪಂಪಿನ ಸ್ಟಾಪ್ ಸೊಲೆನಾಯ್ಡಿಗೆ ನೇರ 12 ವೋಲ್ಟ್ ಕೊಟ್ಟರೆ ಟಕ್ ಎನ್ನುತ್ತಿತ್ತು, ಅಲ್ಲಿಗೆ ಅದೂ ಸರಿ. ಪಂಪೇ ಹೋಗಿದೆ ಎಂದು ತೀರ್ಮಾನಿಸಿ ಅದನ್ನು ಹಿಡಿದಿರುವ ಬೋಲ್ಟುಗಳಿಗೆ ಸ್ಪ್ಯಾನರ್ ಇಟ್ಟಿದ್ದೆ. ಬಿಚ್ಚುವ ಮುಂಚೆ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರಿಗೆ ಫೋನ್ ಮಾಡಿದೆ. "ಅದಕ್ಕೆ ಕೈ ಹಾಕಬೇಡಿ ಸಾರ್" ಎಂದರು. "ಪಂಪು ಒಂದು ಕೂದಲೆಳೆ ತಿರುಗಿದರೂ ಟೈಮಿಂಗ್ ಹೋಯಿತು, ಮತ್ತೆ ಡಯಲ್ ಗೇಜ್ ಇಟ್ಟು ಕೂರಿಸಬೇಕು. ಮೊದಲು ಡಬ್ಬಿ ಇಟ್ಟು ನೋಡಿ."

ಡಬ್ಬಿ ಎಂದರೆ ಇಷ್ಟೇ: ಐದು ಲೀಟರ್ ಸ್ವಚ್ಛ ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿಟ್ಟು, ಹೊಸ ಪೈಪಿನಲ್ಲಿ ನೇರ ಪಂಪಿನ ಬಾಯಿಗೆ ಕೊಡುವುದು. ಟ್ಯಾಂಕೂ ಇಲ್ಲ, ಫಿಲ್ಟರೂ ಇಲ್ಲ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟೆ. ಸಿಲಿಂಡರಿಗೆ ಬಿಟ್ಟಿದ್ದ ಆಯಿಲ್ ಒಳಗೆ ಎಲ್ಲಾದರೂ ಉಳಿದಿದ್ದು ಅದನ್ನೇ ಉರಿಸಿಕೊಂಡು ಎಂಜಿನ್ ಹುಚ್ಚಾಪಟ್ಟೆ ಏರಿದರೆ ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಗಾಳಿಯನ್ನೇ ಕಟ್ಟಬೇಕು. ಅದಕ್ಕೆ ಗಾಳಿ ಹೀರುವ ಬಾಯಿಗೆ ಮುಚ್ಚಲು ಒಂದು ಹಲಗೆ ತುಂಡನ್ನು ಕೈಗೆ ಸಿಗುವಂತೆ ಇಟ್ಟುಕೊಂಡೆ. ಹತ್ತು ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಶೆಡ್ಡು ತುಂಬ ಬಿಳಿ ಹೊಗೆ, ಕೋಲಿನಿಂದ ತಗಡು ಬಡಿದಂಥ ಸದ್ದು. ಎರಡು ನಿಮಿಷಕ್ಕೆ ಹೊಗೆ ತಿಳಿಯಾಗಿ ಒಂದೇ ಹದದಲ್ಲಿ ಓಡತೊಡಗಿತು. ಹಲಗೆ ಬೇಕಾಗಲಿಲ್ಲ. ಚಿಕ್ಕಪ್ಪ ಬಾಗಿಲ ಬಳಿ ಮೂಗು ಮುಚ್ಚಿಕೊಂಡು ನಿಂತು ನಗುತ್ತಿದ್ದರು.

ಪಂಪು, ನಾಜಲ್, ಕಂಪ್ರೆಷನ್ ಮೂರೂ ಸರಿ ಎಂದು ಒಂದೇ ಏಟಿಗೆ ಗೊತ್ತಾಯಿತು. ತಪ್ಪು ಇರುವುದು ಟ್ಯಾಂಕಿನಿಂದ ಪಂಪಿನವರೆಗೆ. ಆದರೆ ಆ ದಾರಿಯಲ್ಲಿ ಒಂದು ಹನಿಯೂ ಸೋರುತ್ತಿರಲಿಲ್ಲ. ಅದನ್ನು ನೋಡಿಯೇ ನಾನು ಅಷ್ಟು ದಿನ ಮೋಸ ಹೋದದ್ದು. ಈ ಗಾಡಿಯಲ್ಲಿ ಟ್ಯಾಂಕಿನಲ್ಲಿ ಪಂಪಿಲ್ಲ, ಮುಂದಿನ ಪಂಪೇ ಹೀರಿಕೊಳ್ಳಬೇಕು. ಎಂಜಿನ್ ಸುತ್ತುವಾಗ ಪೈಪಿನೊಳಗಿನ ಒತ್ತಡ ಹೊರಗಿನದ್ದಕ್ಕಿಂತ ಕಡಿಮೆ. ಹಾಗಾಗಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪೈಪಿನ ಮೈ ಒಣಗಿಯೇ ಇರುತ್ತದೆ.

ಫಿಲ್ಟರಿಗೂ ಪಂಪಿಗೂ ನಡುವೆ ಒಂದಡಿ ಪಾರದರ್ಶಕ ಪೈಪು ಹಾಕಿದೆ. ಸೆಲ್ಫ್ ಹೊಡೆದಾಗ ಪೋಣಿಸಿದ ಮಣಿಯಂತೆ ಗುಳ್ಳೆಗಳು ಸಾಲಾಗಿ ಹೋದವು. ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದೆ, ಕ್ಲಿಪ್ಪುಗಳನ್ನೂ. ಗುಳ್ಳೆ ಕಡಿಮೆಯಾದವು, ನಿಲ್ಲಲಿಲ್ಲ. ಆಮೇಲೆ ಒಂದೊಂದೇ ಜಾಯಿಂಟಿಗೆ ದಪ್ಪಗೆ ಗ್ರೀಸ್ ಮೆತ್ತುತ್ತ ಬಂದೆ. ಫಿಲ್ಟರಿನ ತಲೆಯ ಕೈಪಂಪಿನ ಸುತ್ತ ಮೆತ್ತಿದಾಗ ಗುಳ್ಳೆ ತಟ್ಟನೆ ನಿಂತವು. ಬಿಚ್ಚಿದರೆ ಒಳಗಿನ ರಬ್ಬರ್ ರಿಂಗ್ ಒಣಗಿ ಬಳೆಯಂತೆ ಗಟ್ಟಿಯಾಗಿತ್ತು, ಒತ್ತಿದಾಗ ಎರಡಾಯಿತು. ಏರ್ ತೆಗೆಯಲೆಂದು ದಿನಾ ನಾನು ಒತ್ತುತ್ತಿದ್ದ ಕೈಪಂಪಿನಿಂದಲೇ ಏರ್ ಒಳಗೆ ಹೋಗುತ್ತಿತ್ತು. ಹೊಸ ರಿಂಗು ಹಾಕಿ ಟ್ಯಾಂಕಿನ ಡೀಸೆಲ್ಲಿನಲ್ಲೇ ಸ್ಟಾರ್ಟ್ ಮಾಡಿದೆ, ಆಯಿತು.

ಇದರ ನಡುವೆ ಸ್ಟಾರ್ಟರ್ ಸ್ಪ್ರೇ ಹೊಡೆಯಿರಿ ಎಂದವರು ಇಬ್ಬರಲ್ಲ, ನಾಲ್ವರು. ಕೆಂಪಗೆ ಕಾದ ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಆ ಸ್ಪ್ರೇಯಲ್ಲಿರುವ ಈಥರ್ ಬಿಡುವುದು ಎಂದರೆ ಹೊತ್ತು ಗೊತ್ತಿಲ್ಲದೆ ಒಳಗೆ ಸಿಡಿಮದ್ದು ಹಚ್ಚಿದಂತೆ. ಪಿಸ್ಟನ್ನೇ ಒಡೆಯಬಹುದು. ನಾನು ಒಪ್ಪಲಿಲ್ಲ.

ಎಂಜಿನ್ ಓಡಿತೆಂದರೆ ಕಾರು ಓಡಿತು ಎಂದಲ್ಲ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿತ್ತು, ಪೆಡಲ್ ಒತ್ತಿದರೂ ಬಿಡದು. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ಮುಂದೆ ವಿಶಾಲ ಬಯಲಿರುವಲ್ಲಿ ಮೊದಲ ಗೇರಿನಲ್ಲೇ ಸೆಲ್ಫ್ ಹೊಡೆದು ಹೊರಡಿಸಿದೆ. ಕ್ಲಚ್ ಒತ್ತಿಹಿಡಿದು ಆಕ್ಸಿಲರೇಟರ್ ಒತ್ತುವುದು, ಬಿಡುವುದು. ನಾಲ್ಕನೆಯ ಸಲಕ್ಕೆ ಪಟ್ಟೆಂದು ಬಿಟ್ಟಿತು. ಅದಕ್ಕೂ ಮೊದಲೇ ಬ್ರೇಕ್ ಮುಗಿಸಿದ್ದೆ, ಮತ್ತು ನಿಜ ಹೇಳಬೇಕೆಂದರೆ ಎಂಜಿನ್ನಿಗಿಂತ ಹೆಚ್ಚು ಬೆವರು ಹೋದದ್ದು ಅಲ್ಲೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದ್ದು, ಒಳಗಿನಿಂದ ಎಲ್ಲವನ್ನೂ ತುಕ್ಕು ಹಿಡಿಸಿತ್ತು. ಹಿಂದಿನ ವೀಲ್ ಸಿಲಿಂಡರ್ ಎರಡೂ ಕಚ್ಚಿಕೊಂಡಿದ್ದವು, ಡ್ರಮ್ಮುಗಳು ಸುತ್ತಿಗೆಯಿಂದ ಬಡಿದರಷ್ಟೇ ಬಂದವು. ಎಲ್ಲ ಸರಿ ಮಾಡಿದರೂ ಪೆಡಲ್ ಕಲ್ಲಿನಂತಿತ್ತು. ಇಂಥ ಡೀಸೆಲ್‌ನಲ್ಲಿ ಒಳಹೋಗುವ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ್ದರಿಂದ, ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇರೆ ವ್ಯಾಕ್ಯೂಮ್ ಪಂಪು ಇರುತ್ತದೆ, ಅದರ ಪೈಪು ಒಡೆದಿತ್ತು. ಟೈರುಗಳಲ್ಲಿ ಗೀರು ಸವೆದೇ ಇರಲಿಲ್ಲ, ಚಿಕ್ಕಪ್ಪನಿಗೆ ಎಸೆಯಲು ಮನಸ್ಸಿಲ್ಲ. ಪಕ್ಕದ ಮೈಯಲ್ಲಿರುವ ನಾಲ್ಕಂಕಿಯನ್ನು ತೋರಿಸಿದೆ. ಮೊದಲ ಎರಡು ವಾರ, ಕೊನೆಯ ಎರಡು ಇಸವಿ. ಆಮೇಲೆ ಅವರೇ ಬಗ್ಗಿ ಬಿರುಕುಗಳನ್ನು ನೋಡಿ "ಎಸೆದುಬಿಡು" ಎಂದರು.

ಇನ್ಶೂರೆನ್ಸು, ಕಾಗದಪತ್ರ ಸರಿಯಾದ ಮೇಲೆ ಇಲ್ಲಿಯವರೆಗೆ ಎಂಟುನೂರು ಕಿಲೋಮೀಟರ್ ಓಡಿಸಿದ್ದೇನೆ. ತೊಳೆದ ಟ್ಯಾಂಕಿನಲ್ಲೂ ಕಸ ಉಳಿದಿರುತ್ತದೆ, ಅಷ್ಟರಲ್ಲೇ ಫಿಲ್ಟರನ್ನು ಎರಡು ಸಲ ಬದಲಿಸಬೇಕಾಯಿತು. ಪಾರದರ್ಶಕ ಪೈಪು ಪರೀಕ್ಷೆಗೆಂದು ಹಾಕಿದ್ದು, ಬಿಸಿಗೆ ಗಟ್ಟಿಯಾಗುತ್ತದೆ, ತೆಗೆದು ಸರಿಯಾದ ಡೀಸೆಲ್ ಪೈಪು ಹಾಕಬೇಕು. ಬೆಳಿಗ್ಗೆ ತಣ್ಣಗಿದ್ದಾಗ ಮೂರನೆಯ ಸಿಲಿಂಡರ್ ಇನ್ನೂ ಸ್ವಲ್ಪ ಕುಟ್ಟುತ್ತದೆ. ಆ ನಾಜಲ್ ಬಿಚ್ಚಿ ಸ್ಪ್ರೇ ನೋಡಿಸುವ ಕೆಲಸ ಬಾಕಿ ಇದೆ.