ಚೀಲದೊಳಗಿನ ನಟ್ಟುಗಳು

ಹನ್ನೆರಡು ವರ್ಷಗಳಿಂದ ಕೋಲಾರ ಜಿಲ್ಲೆಯ ಹಳ್ಳಿಶಾಲೆಗಳ ಅಂಗಳದಲ್ಲಿ, ಕತ್ತಲಾದ ಮೇಲೆ, ಆಕಾಶ ತೋರಿಸಿ ಮಾತನಾಡುತ್ತಾ ಬಂದಿದ್ದೇನೆ. ವೃತ್ತಿಯಿಂದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಶನಿಯ ಉಂಗುರವನ್ನೋ ಗುರುವಿನ ಚಂದ್ರರನ್ನೋ ದೂರದರ್ಶಕದಲ್ಲಿ ತೋರಿಸಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಕಣ್ಣಿಗೆ ಕಾಣದೆ ಎಳೆತದಿಂದಷ್ಟೇ ಸುಳಿವು ಕೊಡುವ ಡಾರ್ಕ್ ಮ್ಯಾಟರ್ (ಕಪ್ಪು ದ್ರವ್ಯ) ವಿಷಯದಲ್ಲಿ ತೋರಿಸಲು ಏನೂ ಇಲ್ಲ. ಅದರ ಬಗ್ಗೆ ಜನರೊಂದಿಗೆ ಮಾತನಾಡುವುದನ್ನು ನಾನು ನಿಧಾನವಾಗಿ ಕಲಿತೆ.

ಮೊದಲ ಸಲ ಅಂಕಿಗಳಿಂದ ಶುರುಮಾಡಿದ್ದೆ. ನಮಗೆ ಗೊತ್ತಿರುವ ವಸ್ತು ವಿಶ್ವದಲ್ಲಿ ಸುಮಾರು ಶೇ. 5 ಮಾತ್ರ, ಡಾರ್ಕ್ ಮ್ಯಾಟರ್ ಶೇ. 27, ಉಳಿದ ಶೇ. 68 ಡಾರ್ಕ್ ಎನರ್ಜಿ ಎಂದೆ. ಸಭೆ ಬೆರಗಾಯಿತು. ಆಮೇಲೆ ಬಂದ ಪ್ರಶ್ನೆಗಳೆಲ್ಲ ಪ್ರಳಯ ಯಾವಾಗ, ಬೇರೆ ಲೋಕದವರು ಬಂದಿದ್ದಾರೆಯೇ ಎಂಬಂಥವು. ಒಬ್ಬರು ಎದ್ದು, "ಹಾಗಾದರೆ ವಿಜ್ಞಾನಿಗಳಿಗೆ ಏನೂ ಗೊತ್ತಿಲ್ಲ ಎಂದಾಯಿತು" ಎಂದು ಹೇಳಿ ಕುಳಿತರು. ಅವರ ತಪ್ಪಲ್ಲ. ನಡೆದು ಬಂದ ದಾರಿಯನ್ನು ಮುಚ್ಚಿಟ್ಟು ನಾನು ರಹಸ್ಯವನ್ನಷ್ಟೇ ಮುಂದಿಟ್ಟಿದ್ದೆ.

ಹೆಸರಿನದೂ ಒಂದು ತೊಡಕಿತ್ತು. ಕಪ್ಪು ದ್ರವ್ಯ ಎಂದರೆ ಜನ ಕಪ್ಪುಕುಳಿಯ ಜೊತೆ ಗಂಟುಹಾಕುತ್ತಾರೆ, ಇಲ್ಲವೇ ಇದ್ದಿಲಿನಂಥ ಪುಡಿಯನ್ನು ಊಹಿಸಿಕೊಳ್ಳುತ್ತಾರೆ. ಇದ್ದಿಲು ಬೆಳಕನ್ನು ಹೀರುವುದರಿಂದಲೇ ಕಪ್ಪು. ಇದೋ ಬೆಳಕನ್ನು ಹೀರುವುದೂ ಇಲ್ಲ, ಸೂಸುವುದೂ ಇಲ್ಲ. ಬೆಳಕು ಸಲೀಸಾಗಿ ಹಾದುಹೋಗುತ್ತದೆ. ಕೊನೆಗೆ 'ಕಾಣದ ವಸ್ತು' ಎಂದು ಹೇಳುವುದು ರೂಢಿಯಾಯಿತು. ಪುಸ್ತಕದ ಪದವಲ್ಲದಿದ್ದರೂ ಹಿಂದಿನ ಸಾಲಿನ ಅಜ್ಜಿಗೂ ತಪ್ಪು ಚಿತ್ರ ಕೊಡುವುದಿಲ್ಲ.

ಈಗ ಶುರುಮಾಡುವುದು ಒಂದು ದಾರದಿಂದ. ಹಳೆಯ ಪೆನ್ನಿನ ಕೊಳವೆಯಲ್ಲಿ ದಾರ ಪೋಣಿಸಿ, ಮೇಲಿನ ತುದಿಗೆ ದೊಡ್ಡ ರಬ್ಬರು, ಕೆಳತುದಿಗೆ ನಟ್ಟುಗಳನ್ನು ಕಟ್ಟುತ್ತೇನೆ. ಒಂದು ನಟ್ಟು 25 ಗ್ರಾಂ. ಕೊಳವೆ ಹಿಡಿದು ರಬ್ಬರನ್ನು ತಲೆಯ ಮೇಲೆ ತಿರುಗಿಸಬೇಕು. ನಟ್ಟುಗಳು ಮೇಲೇರದಂತೆ, ಕೆಳಗಿಳಿಯದಂತೆ ವೇಗ ಹದವಾಗಿರಬೇಕು. ಒಂದು ಮೀಟರ್ ದಾರಕ್ಕೆ ಎರಡು ನಟ್ಟು ಕಟ್ಟಿದಾಗ ಹತ್ತು ಸುತ್ತಿಗೆ 12 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಎಂಟು ಕಟ್ಟಿದರೆ ಸುಮಾರು 6 ಸೆಕೆಂಡು. ವೇಗ ಇಮ್ಮಡಿಯಾಗಬೇಕಾದರೆ ಎಳೆತ ನಾಲ್ಕು ಪಟ್ಟಾಗಬೇಕು. ಇದನ್ನು ಮಕ್ಕಳೇ ಎಣಿಸಿ ಹಲಗೆಯ ಮೇಲೆ ಬರೆಯುತ್ತಾರೆ. ಆಮೇಲೆ ನಟ್ಟುಗಳನ್ನು ಬಟ್ಟೆಯ ಚೀಲದೊಳಗೆ ಹಾಕಿ ಬಾಯಿ ಕಟ್ಟುತ್ತೇನೆ. ಒಳಗೆ ಎಷ್ಟಿವೆ ಎಂದು ತಿರುಗುವ ವೇಗ ನೋಡಿಯೇ ಹೇಳಬೇಕು.

ಇಷ್ಟು ಕೈಗೆ ಹತ್ತಿದ ಮೇಲೆ ಸೌರಮಂಡಲ ಸುಲಭ. ಬುಧ ಸೆಕೆಂಡಿಗೆ 47 ಕಿ.ಮೀ., ಭೂಮಿ 30, ನೆಪ್ಚೂನ್ 5.4. ಸೂರ್ಯನಿಂದ ದೂರ ಹೋದಂತೆ ಎಳೆತ ಕಡಿಮೆ, ಓಟವೂ ಕಡಿಮೆ. ಕೋಟ್ಯಂತರ ನಕ್ಷತ್ರಗಳು ಸುತ್ತುವ ಗೆಲಾಕ್ಸಿಯ ಅಂಚಿನಲ್ಲೂ ಹೀಗೇ ಇರಬೇಕಲ್ಲವೇ ಎಂದು ಕೇಳಿ, ದೂರ ಹೋದಂತೆ ವೇಗ ಇಳಿಯುವ ಗೆರೆಯನ್ನು ಅವರಿಂದಲೇ ಬರೆಸುತ್ತೇನೆ. ಆಮೇಲೆ ಅದರ ಮೇಲೆಯೇ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ, 1970ರಲ್ಲಿ ಖಗೋಳವಿಜ್ಞಾನಿಗಳಾದ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ಕಂಡದ್ದನ್ನು ಬರೆಯುತ್ತೇನೆ: ಗೆರೆ ನಿರೀಕ್ಷಿಸಿದಂತೆ ಇಳಿಯುವುದೇ ಇಲ್ಲ. ಅಂಗಳ ಒಂದು ಕ್ಷಣ ಸುಮ್ಮನಾಗುತ್ತದೆ. ಯಾರೋ ಒಬ್ಬರು "ಚೀಲದಲ್ಲಿ ಇನ್ನೂ ನಟ್ಟುಗಳಿವೆ" ಎನ್ನುತ್ತಾರೆ. 1933ರಲ್ಲೇ ಫ್ರಿಟ್ಜ್ ಝ್ವಿಕಿ ಕೋಮಾ ಗೆಲಾಕ್ಸಿಸಮೂಹವನ್ನು ನೋಡಿ ಹೇಳಿದ್ದೂ ಇದೇ ಅರ್ಥದ ಮಾತು.

ನನ್ನನ್ನು ಹೆಚ್ಚು ಬೆಳೆಸಿದ ಪ್ರಶ್ನೆ ಒಬ್ಬ ಪಿಯುಸಿ ಹುಡುಗಿಯದು. "ಸರ್, ಕಾಣದ ವಸ್ತು ಇದೆ ಎನ್ನುವ ಬದಲು, ನಮ್ಮ ಗುರುತ್ವದ ಸೂತ್ರವೇ ತಪ್ಪಿರಬಾರದೇಕೆ?" ಈ ಅನುಮಾನವನ್ನು ತಳ್ಳಿಹಾಕಬಾರದು. ಯುರೇನಸ್ ಲೆಕ್ಕ ತಪ್ಪಿ ನಡೆದಾಗ ಫ್ರೆಂಚ್ ಖಗೋಳವಿಜ್ಞಾನಿ ಲ ವೆರ್ಯೆ ಒಂದು ಕಾಣದ ಗ್ರಹವನ್ನು ಊಹಿಸಿದ. 1846ರಲ್ಲಿ ಬರ್ಲಿನ್‌ನಲ್ಲಿ ನೆಪ್ಚೂನ್ ಕಂಡಿತು. ಬುಧನ ನಡೆ ತಪ್ಪಿದಾಗಲೂ ಅದೇ ಉಪಾಯ ಹೂಡಿ ವಲ್ಕನ್ ಎಂಬ ಗ್ರಹವನ್ನು ಊಹಿಸಿದರು, ಅದು ಸಿಗಲೇ ಇಲ್ಲ. ಅಲ್ಲಿ ತಿದ್ದಬೇಕಾಗಿದ್ದು ಸೂತ್ರ. 1915ರಲ್ಲಿ ಐನ್‌ಸ್ಟೈನ್ ತಿದ್ದಿದರು. ಗೆಲಾಕ್ಸಿಗಳಿಗೂ ಸೂತ್ರ ತಿದ್ದುವ ಪ್ರಯತ್ನವನ್ನು ಭೌತವಿಜ್ಞಾನಿ ಮಿಲ್‌ಗ್ರಾಮ್ 1983ರಲ್ಲಿ ಮುಂದಿಟ್ಟಿದ್ದಾರೆ ಎಂದು ಹೇಳಿದೆ. ಅವಳು ಚೀಲದತ್ತ ಕೈತೋರಿಸಿ, "ಬಿಚ್ಚಬೇಡಿ, ಬೇರೆ ರೀತಿಯಲ್ಲಿ ತೂಗಿ ನೋಡೋಣ" ಎಂದಳು. ಹತ್ತು ಸುತ್ತಿಗೆ 9 ಸೆಕೆಂಡು ಬಂದಿತ್ತು, ಅಂದರೆ ನಾಲ್ಕು ನಟ್ಟು. ಬಿಸಿಯೂಟದ ಅಡುಗೆಮನೆಯಿಂದ ತಕ್ಕಡಿ ತರಿಸಿದೆವು. ಚೀಲ 100 ಗ್ರಾಂ ದಾಟಿ ತುಸು ವಾಲಿತು, ಅದು ಬಟ್ಟೆಯ ಭಾರ.

ಗುರುತ್ವ ಬೆಳಕನ್ನು ಬಾಗಿಸುವುದನ್ನು ಅಂದಿನಿಂದ ಎರಡನೆಯ ತಕ್ಕಡಿ ಎಂದೇ ಹೇಳುತ್ತಿದ್ದೇನೆ. ದೂರದ ಗೆಲಾಕ್ಸಿಗಳ ಬೆಳಕು ನಡುವಿನ ಗೆಲಾಕ್ಸಿಸಮೂಹವನ್ನು ದಾಟುವಾಗ ಎಷ್ಟು ಬಾಗಿತು ಎಂದು ಅಳೆದರೆ ಸಮೂಹದ ತೂಕ ತಿಳಿಯುತ್ತದೆ. ಅಲ್ಲೂ ಕಾಣುವ ವಸ್ತು ಸಾಲದು. ಬುಲೆಟ್ ಕ್ಲಸ್ಟರ್‌ನಲ್ಲಿ ಎರಡು ಸಮೂಹಗಳು ಒಂದನ್ನೊಂದು ಹಾದುಹೋಗಿವೆ. ಕಾಣುವ ವಸ್ತುವಿನ ಬಹುಪಾಲಾದ ಬಿಸಿ ಅನಿಲ ಡಿಕ್ಕಿಯಲ್ಲಿ ಹಿಂದುಳಿದಿದೆ, ಹೆಚ್ಚಿನ ತೂಕ ಮುಂದೆ ಸಾಗಿದೆ. ನನ್ನನ್ನು ಕಾಣದ ವಸ್ತುವಿನ ಪರ ನಿಲ್ಲಿಸಿರುವುದು ಮುಖ್ಯವಾಗಿ ಈ ಸಾಕ್ಷ್ಯ.

ಕಾಣದ ವಸ್ತುವಿನ ಕಣವನ್ನು ಹುಡುಕುತ್ತಿರುವುದು ಎಲ್ಲಿ ಎಂಬ ಮಾತು ಬಂದಾಗ ನಮ್ಮ ಕಡೆಯ ಜನ ಮೈಯೆಲ್ಲ ಕಿವಿಯಾಗುತ್ತಾರೆ. 1965ರಲ್ಲಿ ಕೆಜಿಎಫ್ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚಿದ್ದರು. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲವನ್ನು ಬಂಡೆ ತಡೆಯುತ್ತದೆ ಎಂಬುದೇ ಅಷ್ಟು ಕೆಳಗಿಳಿಯಲು ಕಾರಣ. ಈಗ ಅಮೆರಿಕದ ಸೌತ್ ಡಕೋಟಾದಲ್ಲಿ, ಅದೂ ಮುಚ್ಚಿದ ಚಿನ್ನದ ಗಣಿಯೇ, ಸುಮಾರು 1.5 ಕಿ.ಮೀ. ಕೆಳಗೆ 10 ಟನ್ ದ್ರವರೂಪದ ಝೆನಾನ್ ಅನಿಲ ತುಂಬಿಸಿಟ್ಟು ಡಾರ್ಕ್ ಮ್ಯಾಟರ್ ಕಣ ಬಡಿಯುವುದನ್ನೇ ಕಾಯುತ್ತಿದ್ದಾರೆ. ಜಾರ್ಖಂಡ್‌ನ ಜಾದೂಗುಡಾ ಯುರೇನಿಯಂ ಗಣಿಯಲ್ಲೂ 555 ಮೀಟರ್ ಆಳದಲ್ಲಿ ಪ್ರಯೋಗಾಲಯವಿದೆ. ಕಣ ಇನ್ನೂ ಸಿಕ್ಕಿಲ್ಲ.

ಬಂಗಾರಪೇಟೆಯ ಬಳಿಯ ಒಂದು ಊರಿನಲ್ಲಿ ಇದನ್ನು ಹೇಳಿದಾಗ, ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮುಂದೆ ಬಂದರು. ಕೇಜಿನಲ್ಲಿ ಇಳಿಯುವಾಗ ಕಿವಿ ಗುಂಯ್‌ಗುಟ್ಟುವುದನ್ನೂ ಅಂಗೈ ಇಟ್ಟರೆ ಬಂಡೆ ಬಿಸಿಯಾಗಿರುವುದನ್ನೂ ಬಣ್ಣಿಸಿದರು. ಆಮೇಲೆ ಕೇಳಿದರು: "ಮೇಷ್ಟ್ರೇ, ಸಿಗದ ಜಾಗವನ್ನು ಅವರು ಬರೆದಿಡುತ್ತಾರೆ ತಾನೇ? ನಾವು ಅದಿರಿಲ್ಲದ ಸುರಂಗವನ್ನೂ ನಕ್ಷೆಯಲ್ಲಿ ಹಾಕುತ್ತಿದ್ದೆವು." ಹೌದು, ಕಣ ಎಷ್ಟು ಭಾರದ್ದಾಗಿದ್ದು ಎಷ್ಟು ಜೋರಾಗಿ ಬಡಿಯುವಂಥದ್ದಾಗಿದ್ದರೆ ಇಷ್ಟರಲ್ಲಿ ಸಿಕ್ಕಿರಬೇಕಿತ್ತೋ ಅಷ್ಟನ್ನೂ ಅಳಿಸುತ್ತಾ ಹೋಗುತ್ತಾರೆ ಎಂದೆ. ಮುಂದಿನ ಊರಿಗೆ ಅವರನ್ನೂ ಕರೆದುಕೊಂಡು ಹೋದೆ. ಗಣಿಯ ಆಳದ ಭಾಗವನ್ನು ಅಲ್ಲಿಂದಾಚೆಗೆ ಅವರೇ ಹೇಳುತ್ತಿದ್ದಾರೆ. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತೇನೆ.