ಸಾಕಿದ ಕೋಳಿಗಳನ್ನು ಇನ್ನೊಬ್ಬರ ಹಿತ್ತಿಲಿಗೆ ದಾಟಿಸುವ ಬಗೆ: ನನ್ನ ಅನುಭವ

ಹಾಸನದ ಹಿತ್ತಿಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ ಸಾಕಿಕೊಂಡು, ವರ್ಗಾವಣೆಯಾಗಿ ಅಪಾರ್ಟ್‌ಮೆಂಟಿಗೆ ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟು: ಸಾಮಾನು ಕಟ್ಟುವ ವಾರದವರೆಗೂ ಕೋಳಿಯ ವಿಚಾರ ಮುಂದೂಡಬೇಡಿ. ಒಂದು ತಿಂಗಳು ಮುಂಚೆ ಶುರು ಮಾಡಬೇಕು. ಇದಕ್ಕೆ ಮುಖ್ಯ ಕಾರಣ ಲಸಿಕೆ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಎಂಟು ವಾರ ದಾಟಿದ ಕೋಳಿಗಳಿಗೆ ರೆಕ್ಕೆಯ ಬುಡದಲ್ಲಿ ಚರ್ಮದಡಿ ಅರ್ಧ ಮಿಲಿ ಚುಚ್ಚುತ್ತಾರೆ. ಅದು ಮೈಗೂಡಲು ಎರಡು ವಾರ ಬೇಕು. ಚುಚ್ಚಿಸಿದ ಮರುದಿನವೇ ಸಾಗಿಸಿದರೆ ಲಸಿಕೆಯ ಸುಸ್ತಿಗೆ ದಾರಿಯ ದಣಿವೂ ಸೇರಿ ಕೋಳಿ ಸೊರಗುತ್ತದೆ. ಲಸಿಕೆಯ ಬಾಟಲಿ ಹೆಚ್ಚಾಗಿ 100 ಡೋಸಿನದು. ಕಲಸಿದ ಮೇಲೆ ಐಸಿನಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ಮನೆಯವರ ಕೋಳಿಗಳನ್ನೂ ಸೇರಿಸಿಕೊಂಡು ಪಶು ಆಸ್ಪತ್ರೆಯಲ್ಲಿ ಕೇಳಿದರೆ ಔಷಧಿ ದಂಡವಾಗುವುದಿಲ್ಲ. ತೆಗೆದುಕೊಳ್ಳುವವರ ಕೋಳಿಗಳಿಗೂ ಅದೇ ಹೊತ್ತಿಗೆ ಲಸಿಕೆ ಆಗಿರಲಿ.

ಅದೇ ವಾರ ಜಂತುಹುಳಕ್ಕೂ ಔಷಧಿ ಕೇಳಿ ಹಾಕಿಸಿ. ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ: ಬುಡದಲ್ಲಿ ಬಿಳಿ ಗಂಟುಗಂಟಾಗಿ ಅಂಟಿಕೊಂಡಿದ್ದರೆ ಅದು ಹೇನಿನ ಮೊಟ್ಟೆ. ಒಂದು ಸಲ ಪುಡಿ ಹಚ್ಚಿದರೆ ಓಡಾಡುವ ಹೇನು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಹತ್ತು ದಿನ ಬಿಟ್ಟು ಎರಡನೇ ಸಲ ಹಚ್ಚಲೇಬೇಕು.

ಈಗ ಯಾರಿಗೆ ಕೊಡುವುದು ಅನ್ನುವ ಪ್ರಶ್ನೆ. ಪುಕ್ಕಟೆ ಅಂದರೆ ಕೇಳುವವರು ಬೇಕಾದಷ್ಟು ಜನ. ಹೊಸತೊಡಕು, ಮಾರಿಹಬ್ಬಗಳ ಮುಂಚಿನ ವಾರ ಕೇಳಿಕೊಂಡು ಬರುವವರ ಕಣ್ಣು ಸಾರಿನ ಮೇಲಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಕೋಳಿ ಬದುಕಲಿ ಅನ್ನುವವರು ಆ ವಾರ ಕೊಡಬಾರದು. ನನಗೆ ಹಿಡಿಸಿದ ದಾರಿ ಪಾಲಿಗೆ ಕೊಡುವುದು. ಹೇಟೆ ಅವರ ಹಿತ್ತಿಲಲ್ಲೇ ಇರುತ್ತದೆ, ಮರಿ ಎದ್ದಾಗ ಅರ್ಧ ಪಾಲು ನಮ್ಮದು. ಆ ಪಾಲನ್ನು ಮುಂದೆ ತೆಗೆದುಕೊಳ್ಳುತ್ತೇವೋ ಬಿಡುತ್ತೇವೋ, ಒಪ್ಪಂದ ಇರುವವರೆಗೆ ಹೇಟೆಗೆ ಕತ್ತಿ ಬೀಳುವುದಿಲ್ಲ.

ಮಾತಿಗಿಂತ ಗೂಡನ್ನು ನೋಡಿ. ಹತ್ತು ಕೋಳಿಗೆ ರಾತ್ರಿ ಮಲಗಲು ಐದಡಿ ಉದ್ದ, ನಾಲ್ಕಡಿ ಅಗಲ ಬೇಕು. ಸಕಲೇಶಪುರ, ಮೂಡಿಗೆರೆ ಕಡೆಯಾದರೆ ಗೂಡು ನೆಲದಿಂದ ಎರಡಡಿ ಎತ್ತರದಲ್ಲಿರಬೇಕು. ಮಳೆ ಹಿಡಿದಾಗ ನೆಲದ ಗೂಡಿನ ಹೊಟ್ಟು ಒಣಗುವುದೇ ಇಲ್ಲ, ಒದ್ದೆ ಹೊಟ್ಟಿನಲ್ಲಿ ರಕ್ತಭೇದಿ ಏಳುತ್ತದೆ. ಮರಿಗಳು ಮೊದಲು ಹೋಗುತ್ತವೆ. ಅರಸೀಕೆರೆ, ಕಡೂರಿನ ಒಣ ನೆಲದಲ್ಲಿ ಬೆಳೆದ ಕೋಳಿಯನ್ನು ಆಷಾಢದಲ್ಲಿ ಮಲೆನಾಡಿಗೆ ಏರಿಸಬಾರದು ಅನ್ನುವುದೂ ಇದಕ್ಕೇ. ಕಿಂಡಿಗೆ ಆರು ಮೂಲೆಯ ತೆಳು ಬಲೆ ಹೊಡೆದಿದ್ದರೆ ಮುಂಗುಸಿ, ಪುನುಗು ಬೆಕ್ಕು ಅದನ್ನು ಕಿತ್ತು ಒಳಗೆ ಬರುತ್ತವೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆಸಿಕೊಳ್ಳಲು ಹೇಳಿ. ಕಾಫಿ, ಅಡಿಕೆ ತೋಟದ ಮನೆಯಾದರೆ ಔಷಧಿ ಹೊಡೆಯುವುದು ಯಾವಾಗ, ಇಲಿ ಪಾಷಾಣ ಇಡುತ್ತಾರೆಯೇ ಅಂತ ಸಂಕೋಚವಿಲ್ಲದೆ ಕೇಳಿ. ಔಷಧಿ ಹೊಡೆದ ಗಿಡದಡಿ ಕೆದಕಿ ತಿನ್ನುವ ಕೋಳಿಗೆ ಅದರಿಂದ ಪಾರಿಲ್ಲ.

ಹಿಂಡನ್ನು ಒಡೆಯಲೇಬೇಕಾದರೆ ಮೂರಕ್ಕಿಂತ ಕಡಿಮೆ ಮಾಡಬೇಡಿ. ಕೋಳಿಗಳಲ್ಲಿ ಮೇಲುಕೀಳಿನ ಸಾಲು ಗಟ್ಟಿ. ಹೊಸ ಹಿಂಡಿಗೆ ಒಂಟಿಯಾಗಿ ಹೋದ ಹೇಟೆಯನ್ನು ಉಳಿದವು ತಲೆಗೆ ಕುಕ್ಕಿ, ಮೇವಿನಿಂದ ಓಡಿಸಿ, ಮೂಲೆಗೆ ತಳ್ಳುತ್ತವೆ. ಜೊತೆಗೆ ಮಲಗುತ್ತಿದ್ದ ಎರಡು ಇದ್ದರೆ ಪೆಟ್ಟು ಹಂಚಿಹೋಗುತ್ತದೆ. ಯಾವುದು ಯಾವುದರ ಜೊತೆ ಅನ್ನುವುದು ರಾತ್ರಿ ಅಡ್ಡಗೋಲಿನ ಮೇಲೆ ಒತ್ತಿ ಕೂತಿರುವುದನ್ನು ನೋಡಿದರೆ ತಿಳಿಯುತ್ತದೆ. ಹುಂಜ ಎಂಟು ಹತ್ತು ಹೇಟೆಗೆ ಒಂದು ಸಾಕು. ಮಿಕ್ಕ ಹುಂಜಗಳಿಗೆ ಸಾಕುವ ಮನೆ ಸಿಗುವುದು ಕಷ್ಟ. ಅವು ಸಾರಿಗೇ ಹೋಗುತ್ತವೆ ಎಂದು ಒಪ್ಪಿಕೊಂಡು ತೂಕದ ಲೆಕ್ಕದಲ್ಲಿ ಮಾರುವುದು ಒಳ್ಳೆಯದು.

ಕಾವಿಗೆ ಕೂತ ಕೋಳಿಯನ್ನು ಆದಷ್ಟೂ ಕದಲಿಸಬೇಡಿ. 21 ದಿನ ಮುಗಿದು ಮರಿ ಎದ್ದು ಗಟ್ಟಿಯಾಗುವವರೆಗೆ ಅದೊಂದನ್ನು ಪಕ್ಕದ ಮನೆಯಲ್ಲಿ ಬಿಟ್ಟರೂ ಸರಿ. ಮರಿ ಇದ್ದರೆ ತಾಯಿ ಜೊತೆಗೇ ಹೋಗಬೇಕು. ಚಿಕ್ಕಮಗಳೂರಿನ ರಾತ್ರಿಯ ಚಳಿಗೆ ನಾಲ್ಕು ವಾರದೊಳಗಿನ ಮರಿಗೆ ತಾಯಿಯ ರೆಕ್ಕೆಯೇ ಹೊದಿಕೆ.

ಹಿಡಿಯುವುದು ಕತ್ತಲಾದ ಮೇಲೆ. ಹಗಲಲ್ಲಿ ಅಟ್ಟಿಸಿಕೊಂಡು ಹಿಡಿದರೆ ಕೋಳಿ ಏದುಸಿರು ಬಿಡುತ್ತಾ ಬುಟ್ಟಿ ಸೇರುತ್ತದೆ, ದಾರಿಯಲ್ಲೇ ಸಾಯುವುದೂ ಉಂಟು. ಕೂತಿದ್ದಲ್ಲೇ ಎರಡೂ ರೆಕ್ಕೆ ಒತ್ತಿ, ಎದೆ ಅಂಗೈ ಮೇಲೆ ಬರುವಂತೆ ಎತ್ತಿ. ಕಾಲು ಹಿಡಿದು ತಲೆಕೆಳಗಾಗಿ ಒಯ್ಯುವುದು ನಮ್ಮಲ್ಲಿ ರೂಢಿ, ಆದರೆ ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಇಲ್ಲ. ಕರುಳು, ಈಲಿ ಎಲ್ಲ ಎದೆಯತ್ತ ಜಾರಿ ಉಸಿರಾಟ ಕಷ್ಟವಾಗುತ್ತದೆ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಇದಕ್ಕೆ ಚೆನ್ನ: ತಳಕ್ಕೆ ಒಣಹುಲ್ಲು, ಒಂದಕ್ಕೆ ನಾಲ್ಕು ಹೇಟೆ, ಮೇಲೆ ಇನ್ನೊಂದು ಕ್ರೇಟು ಬೋರಲು ಹಾಕಿ ಹಗ್ಗದಲ್ಲಿ ಬಿಗಿಯಿರಿ. ಹುಂಜಕ್ಕೆ ಬೇರೆ ಕ್ರೇಟು. ಕಾರಿನ ಡಿಕ್ಕಿಯಲ್ಲಿ ಗಾಳಿ ಸಾಲದು, ಹಿಂದಿನ ಸೀಟಿನಲ್ಲಿಟ್ಟು ಕಿಟಕಿ ಸ್ವಲ್ಪ ಇಳಿಸಿ. ಹಕ್ಕಿಜ್ವರದ ಸುದ್ದಿ ಇರುವ ದಿನಗಳಲ್ಲಿ ಪಶು ಆಸ್ಪತ್ರೆಯವರನ್ನು ಕೇಳದೆ ಸಾಗಿಸಬೇಡಿ.

ಜೊತೆಗೆ ಹಳೆಯ ಅಡ್ಡಗೋಲು, ನೀರಿನ ಬಟ್ಟಲು, ಹತ್ತು ದಿನದ ಮೇವು ಹೋಗಲಿ. ಕೋಳಿಗೆ ದಿನಕ್ಕೆ 100 ಗ್ರಾಂ ಲೆಕ್ಕ ಹಿಡಿದರೆ ಹತ್ತು ಕೋಳಿಗೆ 10 ಕೆಜಿ. ಅವರು ಹಾಕುವ ಮೇವನ್ನು ಇದರ ಜೊತೆ ದಿನದಿನಕ್ಕೆ ಹೆಚ್ಚಿಸುತ್ತಾ ಬೆರೆಸಿದರೆ ಭೇದಿಯಾಗುವುದಿಲ್ಲ.

ಹೊಸ ಗೂಡಿನಲ್ಲಿ ಏಳರಿಂದ ಹತ್ತು ದಿನ ಕೂಡಿಹಾಕಿ ಮೇವು ನೀರು ಕೊಡಬೇಕು. ಮೊದಲೇ ಬಿಟ್ಟರೆ ಸಂಜೆ ದಿಕ್ಕು ತಿಳಿಯದೆ ಮರ ಹತ್ತುತ್ತವೆ, ರಾತ್ರಿ ಕಾಡುಬೆಕ್ಕಿನ ಪಾಲಾಗುತ್ತವೆ. ಕಾಲಿಗೆ ದಾರ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ, ನಾಯಿ ಬಂದರೆ ಓಡಲಾಗುವುದಿಲ್ಲ. ಮೊದಲ ಸಲ ಬಿಡುವುದು ಮುಸ್ಸಂಜೆಗೆ ಒಂದು ಗಂಟೆ ಮುಂಚೆ, ಹಸಿದ ಹೊಟ್ಟೆಯಲ್ಲಿ. ಮೇವನ್ನು ಗೂಡಿನ ಒಳಗೇ ಚೆಲ್ಲಿದರೆ ತಾವಾಗಿ ಹಿಂದಿರುಗುತ್ತವೆ. ಆ ಮನೆಯಲ್ಲಿ ಮೊದಲಿಂದ ಕೋಳಿಗಳಿದ್ದರೆ ಎರಡು ಮೂರು ವಾರ ಬೇರೆಯೇ ಇರಲಿ, ಆಮೇಲೆ ಬಲೆಯ ಆಚೀಚೆ ಮುಖ ಪರಿಚಯ ಮಾಡಿಸಿ ಸೇರಿಸಿ.

ಮೊಟ್ಟೆಯ ವಿಷಯ ಕೊಡುವಾಗಲೇ ಬಿಡಿಸಿ ಹೇಳಬೇಕು. ಜಾಗ ಬದಲಾದ ಕೋಳಿ ಎರಡು ಮೂರು ವಾರ ಮೊಟ್ಟೆ ನಿಲ್ಲಿಸುವುದು ಸಹಜ, ಕೆಲವು ಪುಕ್ಕವನ್ನೂ ಉದುರಿಸುತ್ತವೆ. ಇದು ಗೊತ್ತಿಲ್ಲದವರು ಗೊಡ್ಡು ಅಂದುಕೊಂಡು ಕೊಯ್ಯುತ್ತಾರೆ. "ಅಕ್ಕಾ, ಒಂದು ತಿಂಗಳು ಮೊಟ್ಟೆ ಲೆಕ್ಕ ಇಡಬೇಡಿ" ಅಂತ ಮೊದಲೇ ಅಂದುಬಿಡಿ.

ಆಮೇಲೆ ಫೋನ್ ಮಾಡಿದಾಗ ಚೆನ್ನಾಗಿವೆಯಾ ಅಂತ ಕೇಳಿದರೆ ಚೆನ್ನಾಗಿವೆ ಅಂತಲೇ ಉತ್ತರ ಬರುತ್ತದೆ. ಹಿಕ್ಕೆ ಯಾವ ಬಣ್ಣ, ಬೆಳಿಗ್ಗೆ ಬಾಗಿಲು ತೆಗೆದಾಗ ಯಾವುದಾದರೂ ಹೊರಬರದೆ ಕೂತಿದೆಯಾ ಅಂತ ಕೇಳಿ. ಹಸಿರು ನೀರಿನಂಥ ಹಿಕ್ಕೆ, ತಿರುಚಿದ ಕತ್ತು ಕಂಡರೆ ಕೊಕ್ಕರೆ ರೋಗದ ಗುಮಾನಿ. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ. ಎರಡರಲ್ಲಿ ಯಾವುದೇ ಆದರೂ ಆ ಕೋಳಿಯನ್ನು ಬೇರ್ಪಡಿಸಿ, ಅವತ್ತೇ ಪಶು ವೈದ್ಯರಿಗೆ ತೋರಿಸಲು ಹೇಳಿ.