ಕಡಲ ನೀರಿನ ಕಾರ್ಬನ್ ಡೈಆಕ್ಸೈಡ್ ಅಳತೆ ಸರಿಹೋದ ಬಗೆ

ಉತ್ತರ ಅಟ್ಲಾಂಟಿಕ್‌ನಲ್ಲಿ ಸಾಗುವ ನಮ್ಮ ಹಡಗಿನ ಅಂಕಿಗಳು ಅದೇ ದಾರಿಯ ಬೇರೆ ಹಡಗಿನದಕ್ಕಿಂತ ಜಾಸ್ತಿ ಬರುತ್ತಿದ್ದವು. ಮೊದಲು ಅನಿಲ ಅಳೆಯುವ ಯಂತ್ರದ ಮೇಲೆ ಅನುಮಾನ ಬಂತು. ಪ್ರಮಾಣ ಗೊತ್ತಿರುವ ಅನಿಲ ಹಾಯಿಸಿ ನೋಡಿದೆ. ಅದು ಸರಿಯಾಗಿಯೇ ಇತ್ತು.

ತೊಂದರೆ ಪೈಪಿನಲ್ಲಿತ್ತು. ಹಡಗಿನ ತಳದಿಂದ ಎಳೆದ ನೀರು, ಅದರಲ್ಲಿನ ಅನಿಲವನ್ನು ಗಾಳಿಯೊಂದಿಗೆ ಸಮತೋಲಕ್ಕೆ ತರುವ ಪಾತ್ರೆಯಾದ ಈಕ್ವಿಲಿಬ್ರೇಟರ್ ತಲುಪುವಷ್ಟರಲ್ಲಿ ಬೆಚ್ಚಗಾಗುತ್ತಿತ್ತು. ನೀರು ಬಿಸಿಯಾದಷ್ಟೂ ಅನಿಲ ಹೊರಗೆ ಒತ್ತುತ್ತದೆ, ಅಲ್ವಾ? ಒಂದು ಡಿಗ್ರಿಗೆ ಸುಮಾರು 4.23% ಏರಿಕೆ. ಅಂದರೆ 380 ಮೈಕ್ರೋಅಟ್ಮಾಸ್ಫಿಯರ್ (ಅನಿಲದ ಒತ್ತಡದ ಅಳತೆ) ಇರುವ ಕಡೆ 16ರಷ್ಟು ಹೆಚ್ಚು! ಜಗತ್ತಿನ ಕಡಲುಗಳ ಅಳತೆ ಒಟ್ಟುಗೂಡಿಸುವ ಸೋಕ್ಯಾಟ್ ಸಂಗ್ರಹದ ಮೇಲಿನ ದರ್ಜೆಗಳಿಗೆ ತಪ್ಪು 2 ಮೈಕ್ರೋಅಟ್ಮಾಸ್ಫಿಯರ್‌ನೊಳಗಿರಬೇಕು.

ನೀರು ಒಳಬರುವ ಬಾಯಿಯಲ್ಲೇ ತಾಪಮಾನದ ಸೆನ್ಸರ್ ಹಾಕಿಸಿದೆ. ಎರಡು ತಾಪಮಾನಗಳ ವ್ಯತ್ಯಾಸ ಹಿಡಿದು ಪ್ರತಿ ಅಂಕಿಯನ್ನೂ ತಿದ್ದಿದೆ. ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತಿ, ಹರಿವನ್ನೂ ಹೆಚ್ಚಿಸಿದೆವು. ಈಗ ಎರಡೂ ಹಡಗುಗಳ ಅಂಕಿಗಳು ಹೊಂದುತ್ತಿವೆ.